1969ರ ಎಂಜಿಬಿ ರೋಡ್‌ಸ್ಟರ್: ಬಿಸಿಯಾದ ಮೇಲೆ ಮಿಸ್ಸಿಂಗ್, ಮುಂದಿನ ಎರಡು ಪ್ಲಗ್ ಕಪ್ಪು, ಹಿಂದಿನ ಎರಡು ಬಿಳಿ

ರೆಡಿಂಗ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಗಾಡಿ 1969ರ ಎಂಜಿಬಿ ರೋಡ್‌ಸ್ಟರ್ (ಛಾವಣಿ ಇಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು), ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಐದು ಮೇನ್ ಬೇರಿಂಗ್‌ನ 1798 ಸಿಸಿ ಎಂಜಿನ್, ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ಲೂಕಸ್ 25ಡಿ4 ಡಿಸ್ಟ್ರಿಬ್ಯೂಟರ್. ಇನ್ನೂ ಪಾಯಿಂಟ್ಸ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಸ್ಪಾರ್ಕ್ ಕೊಡಿಸುವ ಸ್ವಿಚ್) ಮೇಲೇ ಓಡುತ್ತಿದೆ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಲ್ಲ.

ತೊಂದರೆ ಹೀಗಿದೆ. ತಣ್ಣಗಿದ್ದಾಗ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಓಡಿದ ಮೇಲೆ ಐಡ್ಲಿಂಗ್ 600ರಿಂದ 1100ರವರೆಗೆ ಏರುತ್ತ ಇಳಿಯುತ್ತ ಇರುತ್ತದೆ. ಮೂರನೇ ಗೇರಿನಲ್ಲಿ ಅರ್ಧ ಆಕ್ಸಿಲರೇಟರ್ ಕೊಟ್ಟರೆ ಮುಗ್ಗರಿಸುತ್ತದೆ, ಕಾರ್ಬುರೇಟರ್ ಕಡೆಯಿಂದ ಫಟ್ ಎಂದು ಸೀನುತ್ತದೆ. ವಿಚಿತ್ರವೆಂದರೆ ಪೂರ್ತಿ ಒತ್ತಿದರೆ ಸರಾಗ! ಪ್ಲಗ್ ಬಿಚ್ಚಿದರೆ ರೇಡಿಯೇಟರ್ ಕಡೆಯ 1 ಮತ್ತು 2 ಮಸಿ ಹಿಡಿದು ಕರ್ರಗಿವೆ, 3 ಮತ್ತು 4 ಸುಣ್ಣದ ಹಾಗೆ ಬಿಳಿ. ಇಗ್ನಿಷನ್ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಬಿಟ್ಟರೆ ಹಿಂದಿನ ಫ್ಯೂಯಲ್ ಪಂಪ್ ನಾಲ್ಕೈದು ಸೆಕೆಂಡಿಗೊಮ್ಮೆ ಟಿಕ್ ಅನ್ನುತ್ತಲೇ ಇರುತ್ತದೆ.

ಹೊಸ ಪ್ಲಗ್, ಹೊಸ ಏರ್ ಫಿಲ್ಟರ್ ಹಾಕಿ ಆಯಿತು. ಕಾರ್ಬುರೇಟರ್ ತಳದಲ್ಲಿ ಮಿಕ್ಸ್‌ಚರ್ ಹೊಂದಿಸುವ ಜೆಟ್ ನಟ್ ಮೇಲೆ ಕೆಳಗೆ ತಿರುಗಿಸಿಯೂ ಆಯಿತು, ಪ್ರಯೋಜನ ಇಲ್ಲ. ರಿಪೇರಿಯಾದ ಜೋಡಿ ಕಾರ್ಬುರೇಟರನ್ನೇ ತಂದು ಹಾಕಿಬಿಡಲೇ? ಅದಕ್ಕೆ ಮುಂಚೆ ಏನೇನು ನೋಡಬೇಕು?

ಇನ್ನೊಂದು: ಬಲಗಡೆ ಬಾಗಿಲಿನ ಕೆಳಗೆ, ಹಿಂದಿನ ಚಕ್ರದ ಹತ್ತಿರ, ಸಿಲ್ ಮೇಲಿನ ಪೇಂಟ್ ಗುಳ್ಳೆ ಎದ್ದಿದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ. ಅಷ್ಟೇ ಜಾಗಕ್ಕೆ ತಗಡು ಬೆಸೆದರೆ ಸಾಕೇ?

ಡ್ಯಾಶ್‌ಪಾಟ್

ಕಾರ್ಬುರೇಟರ್ ಕೊಳ್ಳಬೇಡಿ, ಜೆಟ್ ನಟ್‌ನಿಂದ ಸದ್ಯಕ್ಕೆ ಕೈ ತೆಗೆಯಿರಿ. ನೀವು ಕೊಟ್ಟ ಲಕ್ಷಣದಲ್ಲಿ ಒಂದಲ್ಲ, ಕನಿಷ್ಠ ಮೂರು ಬೇರೆ ಬೇರೆ ತೊಂದರೆ ಕಾಣುತ್ತಿದೆ. ಮೂರನ್ನೂ ಮಿಕ್ಸ್‌ಚರ್ ತಿರುಗಿಸಿ ಸರಿಮಾಡಲು ಹೊರಟರೆ ನಾಲ್ಕನೆಯದು ಹುಟ್ಟುತ್ತದೆ, ಅಷ್ಟೇ.

ಈ ಎಂಜಿನ್ನಿನಲ್ಲಿ 1, 2ನೇ ಸಿಲಿಂಡರ್‌ಗೆ ಒಂದೇ ಇನ್‌ಲೆಟ್ ಪೋರ್ಟ್, 3, 4ಕ್ಕೆ ಇನ್ನೊಂದು. ಮುಂದಿನ ಕಾರ್ಬುರೇಟರ್ ಮೊದಲ ಜೋಡಿಗೆ ಉಣಿಸುತ್ತದೆ, ಹಿಂದಿನದು ಎರಡನೇ ಜೋಡಿಗೆ. ಹಾಗಾಗಿ ಪ್ಲಗ್‌ಗಳು ಜೋಡಿ ಜೋಡಿಯಾಗಿ ಬಣ್ಣ ಬದಲಿಸಿದ್ದರೆ ಅದು ಕಾರ್ಬುರೇಟರ್‌ಗಳ ನಡುವಿನ ವ್ಯತ್ಯಾಸ. ನಿಮ್ಮದರಲ್ಲಿ ಮುಂದಿನದು ರಿಚ್ (ಪೆಟ್ರೋಲ್ ಹೆಚ್ಚು), ಹಿಂದಿನದು ಲೀನ್ (ಗಾಳಿ ಹೆಚ್ಚು). ಪಂಪ್ ಬಿಡದೆ ಟಿಕ್ ಅನ್ನುವುದು ಮುಂದಿನದರ ಫ್ಲೋಟ್ ವಾಲ್ವ್ (ಪೆಟ್ರೋಲ್ ತುಂಬಿದ ಮೇಲೆ ಒಳಹರಿವು ನಿಲ್ಲಿಸುವ ವಾಲ್ವ್) ಸೋರುತ್ತಿರುವ ಸೂಚನೆ, ಹಿಂದಿನದು ಎಲ್ಲೋ ಗಾಳಿ ಎಳೆದುಕೊಳ್ಳುತ್ತಿರಬೇಕು. ಅವೆರಡನ್ನು ಬೇರೆಯವರು ಬರೆಯಲಿ. ನಾನು ಅರ್ಧ ಆಕ್ಸಿಲರೇಟರ್‌ನ ಮುಗ್ಗರಿಕೆಯನ್ನು ಹಿಡಿಯುತ್ತೇನೆ, ಏಕೆಂದರೆ ಅದು ಪೆಟ್ರೋಲಿನದ್ದಲ್ಲ, ಕರೆಂಟಿನದ್ದು.

ಅರ್ಧ ಥ್ರಾಟಲ್‌ನಲ್ಲಿ ವ್ಯಾಕ್ಯೂಮ್ ಜೋರಾಗಿರುತ್ತದೆ. ಆಗ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕ್ಯಾಪ್ಸೂಲ್ ಪಾಯಿಂಟ್ಸ್ ಕೂತಿರುವ ಬೇಸ್ ಪ್ಲೇಟನ್ನು ಎಳೆದು ತಿರುಗಿಸುತ್ತದೆ. ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಪ್ಲೇಟ್ ವಾಪಸ್ ಬರುತ್ತದೆ. ಪ್ಲೇಟ್ ತಿರುಗಿದಾಗ ಮಾತ್ರ ಮಿಸ್ ಆಗಿ, ವಾಪಸ್ ಬಂದಾಗ ಸರಿಯಾದರೆ ನೋಡಬೇಕಾದ್ದು ಒಂದೇ ಜಾಗ: ಬೇಸ್ ಪ್ಲೇಟ್‌ನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಹೋಗುವ ಸಣ್ಣ ಅರ್ಥ್ ವೈರ್. ಬೆರಳುದ್ದವೂ ಇಲ್ಲದ, ಬಟ್ಟೆ ಹೊದಿಕೆಯ ವೈರ್ ಅದು. ಪ್ಲೇಟ್ ತಿರುಗಿದ ಪ್ರತಿಸಲ ಮಡಚಿ ಮಡಚಿ, ಒಳಗಿನ ಎಳೆಗಳು ಒಂದೊಂದಾಗಿ ಕಡಿದಿರುತ್ತವೆ. ಹೊರಗಿನ ಬಟ್ಟೆ ನೆಟ್ಟಗೇ ಇರುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ.

ಪರೀಕ್ಷೆ ಸುಲಭ. ಕ್ಯಾಪ್ ತೆಗೆಯಿರಿ. ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು ಒಂದು ಮುಳ್ಳು ಬೇಸ್ ಪ್ಲೇಟ್‌ಗೆ, ಇನ್ನೊಂದು ಡಿಸ್ಟ್ರಿಬ್ಯೂಟರ್ ಬಾಡಿಗೆ ಹಿಡಿಯಿರಿ. ಕಾರ್ಬುರೇಟರ್ ಕಡೆಯಿಂದ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ. ಪ್ಲೇಟ್ ತಿರುಗಿ ಅಲ್ಲೇ ನಿಲ್ಲಬೇಕು, ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. ಮೀಟರ್ ಕುಣಿದರೆ ವೈರ್ ಸತ್ತಿದೆ. ಪ್ಲೇಟ್ ನಿಲ್ಲದೆ ನಿಧಾನಕ್ಕೆ ವಾಪಸ್ ಬಂದರೆ ಕ್ಯಾಪ್ಸೂಲಿನ ಡಯಾಫ್ರಮ್ ಹರಿದಿದೆ. ವೈರ್ ಬದಲಿಸುವಾಗ ಸಾಮಾನ್ಯ ದಪ್ಪ ವೈರ್ ಹಾಕಬೇಡಿ. ಅದು ಗಡುಸು, ಪ್ಲೇಟನ್ನು ತಡೆದು ನಿಲ್ಲಿಸುತ್ತದೆ. ಬಹಳ ಸಣ್ಣ ಎಳೆಗಳ ಮೆತ್ತನೆಯ ವೈರ್ ಬೇಕು, ಸ್ವಲ್ಪ ಸಡಿಲ ಬಿಟ್ಟು ಬೆಸುಗೆ ಹಾಕಬೇಕು.

ಕೆಲಸದ ಕ್ರಮ ಇದು, ಹಿಂದುಮುಂದು ಮಾಡಬೇಡಿ:

ಮೊದಲು ಟ್ಯಾಪೆಟ್, ಅಂದರೆ ರಾಕರ್‌ಗೂ ವಾಲ್ವಿಗೂ ನಡುವಿನ ಸಂದು. ಎಂಜಿನ್ ತಣ್ಣಗಿರಬೇಕು, ಗ್ಯಾಪ್ 0.015 ಇಂಚು, ಅಂದರೆ 0.38 ಮಿ.ಮೀ. ಪ್ಲಗ್ ಬಿಚ್ಚಿಟ್ಟು, ನಾಲ್ಕನೇ ಗೇರಿನಲ್ಲಿ ಗಾಡಿಯನ್ನು ಮೆಲ್ಲಗೆ ತಳ್ಳಿದರೆ ಎಂಜಿನ್ ತಿರುಗುತ್ತದೆ. ಒಂಬತ್ತರ ಲೆಕ್ಕ ನೆನಪಿಟ್ಟುಕೊಳ್ಳಿ: ಪೂರ್ತಿ ತೆರೆದಿರುವ ವಾಲ್ವಿನ ಸಂಖ್ಯೆಯನ್ನು 9ರಿಂದ ಕಳೆದರೆ ಅಡ್ಜಸ್ಟ್ ಮಾಡಬೇಕಾದ ವಾಲ್ವ್ ಸಿಗುತ್ತದೆ. 8 ತೆರೆದಾಗ 1, 6 ತೆರೆದಾಗ 3, 4 ತೆರೆದಾಗ 5, ಹೀಗೆ. ರಾಕರ್‌ನ ತುದಿ ಸವೆದು ಗುಳಿ ಬಿದ್ದಿದ್ದರೆ ಫೀಲರ್ ಗೇಜ್ ಸುಳ್ಳು ಹೇಳುತ್ತದೆ. ಗೇಜಿನ ತಗಡು ಗುಳಿಯ ಅಂಚುಗಳ ಮೇಲೆ ಕೂರುವುದರಿಂದ ನಿಜವಾದ ಗ್ಯಾಪ್ ಇನ್ನೂ ಹೆಚ್ಚಿರುತ್ತದೆ. ಪ್ರತಿಯೊಂದನ್ನೂ ಬರೆದಿಟ್ಟುಕೊಂಡು ಆಮೇಲೆ ಸರಿಮಾಡಿ, ಆ ಅಂಕಿಗಳು ಬೇಕಾಗುತ್ತವೆ.

ಟ್ಯಾಪೆಟ್ ಕವರ್ ತೆಗೆದಿರುವಾಗಲೇ ಕಂಪ್ರೆಷನ್ ನೋಡಿಬಿಡಿ. ನಾಲ್ಕರ ನಡುವೆ ಶೇಕಡ 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮುಂದಿನ ಟ್ಯೂನಿಂಗ್ ವ್ಯರ್ಥ.

ಆಮೇಲೆ ಪಾಯಿಂಟ್ಸ್. ಗ್ಯಾಪ್ 0.014ರಿಂದ 0.016 ಇಂಚು. ಡ್ವೆಲ್ (ಪಾಯಿಂಟ್ಸ್ ಮುಚ್ಚಿರುವ ಕೋನ) ಅಳೆಯುವ ಮೀಟರ್ ಇದ್ದರೆ 25ಡಿ4ಕ್ಕೆ 60 ಡಿಗ್ರಿ, 3 ಡಿಗ್ರಿ ಆಚೆ ಈಚೆ. ಎಂಜಿನ್ ವೇಗ ಏರಿಸಿದಾಗ ಡ್ವೆಲ್ ಅದಕ್ಕಿಂತ ಹೆಚ್ಚು ಓಲಾಡಿದರೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದಿದೆ. ಪ್ಲಗ್ ಗ್ಯಾಪ್ 0.025 ಇಂಚು. ಕ್ಯಾಮ್‌ಗೆ ಚೂರೇ ಚೂರು ಗ್ರೀಸ್ ಸಾಕು, ಹೆಚ್ಚಾದರೆ ಹಾರಿ ಪಾಯಿಂಟ್ಸ್ ಮೇಲೆ ಬೀಳುತ್ತದೆ. ರೋಟರ್ ಆರ್ಮ್ ಕೆಳಗೆ ಎರಡು ಹನಿ ಎಂಜಿನ್ ಆಯಿಲ್ ಬಿಡುವುದನ್ನು ಮರೆಯಬೇಡಿ, ಒಳಗಿನ ಸೆಂಟ್ರಿಫ್ಯೂಗಲ್ ಅಡ್ವಾನ್ಸ್ (ವೇಗ ಏರಿದಂತೆ ಸ್ಪಾರ್ಕನ್ನು ಮುಂಚಿತ ಮಾಡುವ ಭಾಗ) ಬಿಗಿದುಕೊಳ್ಳದ ಹಾಗೆ ಕಾಪಾಡುವುದು ಅದೇ.

ಬಿಸಿಯಾದ ಮೇಲೆ ಮಾತ್ರ ಬರುವ ಮಿಸ್ಸಿಂಗ್‌ಗೆ ಕಂಡೆನ್ಸರ್ ಮೇಲೂ ಅನುಮಾನ ಇಡಿ. ಪಾಯಿಂಟ್ಸ್ ತೆರೆಯುವಾಗ ದಪ್ಪನೆಯ ನೀಲಿ ಕಿಡಿ ಕಂಡರೆ ಅದು ಹೋಗಿದೆ ಎಂದೇ ಲೆಕ್ಕ. ಹೊಸದಾಗಿ ತಂದದ್ದೂ ಕೆಟ್ಟಿರಬಹುದು, ಈಗ ಸಿಗುವ ಕಂಡೆನ್ಸರ್‌ಗಳ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ರೋಟರ್ ಆರ್ಮ್ ಕೊಳ್ಳುವಾಗ ಮೇಲಿನ ಹಿತ್ತಾಳೆ ಪಟ್ಟಿಗೆ ರಿವೆಟ್ ಹೊಡೆಯದಿರುವ ಜಾತಿ ತನ್ನಿ. ರಿವೆಟ್ ಇರುವುದರಲ್ಲಿ ಸ್ಪಾರ್ಕ್ ಕೆಳಗಿನ ಶಾಫ್ಟಿಗೆ ಹಾರಲು ದಾರಿ ಸಿಗುತ್ತದೆ. ನಿಮ್ಮ ವರ್ಷದ ಗಾಡಿಗೆ ಬ್ಯಾಲಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ 12 ವೋಲ್ಟಿನ ಕಾಯಿಲ್, ಪ್ರೈಮರಿ ಸುಮಾರು 3 ಓಮ್. 1.5 ಓಮ್ ತೋರಿಸಿದರೆ ಯಾರೋ ಬ್ಯಾಲಸ್ಟ್ ಕಾಯಿಲ್ ಹಾಕಿದ್ದಾರೆ. ಅದು ಕಾದು ಕುದಿಯುತ್ತದೆ, ಪಾಯಿಂಟ್ಸನ್ನೂ ಸುಡುತ್ತದೆ.

ಕೊನೆಗೆ ಟೈಮಿಂಗ್. ಸ್ಟ್ರೋಬ್ ಲೈಟ್ ಹಿಡಿದು, ವ್ಯಾಕ್ಯೂಮ್ ಪೈಪ್ ಬಿಚ್ಚಿ, 600 ಆರ್‌ಪಿಎಂನಲ್ಲಿ ಟಿಡಿಸಿಗೆ (ಪಿಸ್ಟನ್ ತೀರ ಮೇಲೆ ಬರುವ ಬಿಂದುವಿಗೆ) 14 ಡಿಗ್ರಿ ಮುಂಚೆ. ರೋಟರ್ ಎಡಸುತ್ತು ತಿರುಗುವುದರಿಂದ ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಬಲಸುತ್ತು ತಿರುಗಿಸಿದರೆ ಅಡ್ವಾನ್ಸ್. ಈಗಿನ ಪೆಟ್ರೋಲಿಗೆ ನಾನು ಹೆಚ್ಚು ನಂಬುವುದು ಮೇಲಿನ ವೇಗದ ಅಂಕಿಯನ್ನು: ವ್ಯಾಕ್ಯೂಮ್ ಇಲ್ಲದೆ, ಅಡ್ವಾನ್ಸ್ ಪೂರ್ತಿ ಬಂದಾಗ 32 ಡಿಗ್ರಿ ಆಸುಪಾಸು. ಅಲ್ಲಿ ಸರಿಯಿದ್ದು ಕೆಳಗೆ ಒಂದೆರಡು ಡಿಗ್ರಿ ತಪ್ಪಿದರೆ ಎಂಜಿನ್ನಿಗೆ ಹಾನಿಯಿಲ್ಲ.

ಇದೆಲ್ಲ ಮುಗಿಯುವವರೆಗೆ ಬಾನೆಟ್ಟಿನ ಎಡಗಡೆ, ಅಂದರೆ ಕಾರ್ಬುರೇಟರ್ ಇರುವ ಕಡೆ, ಹೋಗಲೇಬೇಡಿ.

ಬಿಸೀರೀಸ್

ಡ್ಯಾಶ್‌ಪಾಟ್ ಹೇಳಿದ ಕ್ರಮವೇ ಸರಿ. ಅದಾದ ಮೇಲೆ ನೋಡಬೇಕಾದ ಎರಡು ಬಾಕಿ.

ಪಂಪ್: ಇಗ್ನಿಷನ್ ಹಾಕಿದಾಗ ಕೆಲವು ಸಲ ಟಿಕ್ ಟಿಕ್ ಎಂದು, ಫ್ಲೋಟ್ ಚೇಂಬರ್ ತುಂಬಿದ ಮೇಲೆ ಸುಮ್ಮನಾಗಬೇಕು. ಅರ್ಧ ನಿಮಿಷಕ್ಕೊಮ್ಮೆ ಟಿಕ್ ಎಂದರೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕೈದು ಸೆಕೆಂಡಿಗೊಮ್ಮೆ ಅಂದರೆ ಪೆಟ್ರೋಲ್ ಎಲ್ಲಿಗೋ ಹೋಗುತ್ತಿದೆ. ಕಾರ್ಬುರೇಟರ್ ಹತ್ತಿರದ ರಬ್ಬರ್ ಹೋಸನ್ನು ಕ್ಲಾಂಪ್‌ನಿಂದ ಒತ್ತಿ ಮುಚ್ಚಿ. ಟಿಕ್ ನಿಂತರೆ ಫ್ಲೋಟ್ ವಾಲ್ವ್ ಸೋರುತ್ತಿದೆ. ನಿಲ್ಲದಿದ್ದರೆ ದಾರಿಯಲ್ಲಿ ಪೈಪ್ ಸೋರುತ್ತಿರಬೇಕು, ಇಲ್ಲವೇ ಪಂಪಿನೊಳಗಿನ ವಾಲ್ವ್ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಬಿಡುತ್ತಿದೆ. ಟಿಕ್ ಬಹಳ ವೇಗವಾಗಿದ್ದರೆ ಪಂಪ್ ಮತ್ತು ಟ್ಯಾಂಕ್ ನಡುವೆ ಗಾಳಿ ಸೇರುತ್ತಿದೆ. ಪಂಪ್ ಚೆನ್ನಾಗಿದೆಯೇ ಎಂದು ತಿಳಿಯಲು ಹೋಸ್ ಬಿಚ್ಚಿ ಡಬ್ಬಕ್ಕೆ ಬಿಡಿ: ಒಂದು ನಿಮಿಷಕ್ಕೆ ಕನಿಷ್ಠ ಒಂದು ಬ್ರಿಟಿಷ್ ಪೈಂಟ್, ಅಂದರೆ 570 ಮಿ.ಲೀ., ಗುಳ್ಳೆಯಿಲ್ಲದೆ ಬರಬೇಕು.

ಫ್ಲೋಟ್ ಚೇಂಬರಿನ ಮುಚ್ಚಳಕ್ಕೆ ಮೂರು ಸ್ಕ್ರೂ. ಬಿಚ್ಚುವ ಮುಂಚೆ ಮುಚ್ಚಳ ಯಾವ ಕಡೆ ಮುಖ ಮಾಡಿದೆ ಎಂದು ಗುರುತು ಹಾಕಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕುಲುಕಿದ ಸದ್ದು ಬಂದರೆ ತೂತಾಗಿದೆ. ವಾಲ್ವಿನ ಸೂಜಿಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ: ಉಗುರಿಗೆ ಸಿಗುವಂಥ ಉಂಗುರದ ಗೀರು ಬಿದ್ದಿದ್ದರೆ ಅದೇ ಸೋರಿಕೆ. ವೈಟಾನ್ ಮೊನೆಯ ಸೂಜಿಯನ್ನು ಅದರ ಸೀಟ್ ಸಮೇತ ಬದಲಿಸಿ, ಸೂಜಿ ಒಂದನ್ನೇ ಬದಲಿಸಿದರೆ ಹಳೇ ಸೀಟ್ ಮತ್ತೆ ಸೋರುತ್ತದೆ. ಮುಚ್ಚಳವನ್ನು ತಲೆಕೆಳಗೆ ಹಿಡಿದಾಗ ಮುಚ್ಚಳದ ಅಂಚಿಗೂ ಫ್ಲೋಟಿಗೂ ನಡುವೆ 1/8 ಇಂಚಿನ ಡ್ರಿಲ್ ಬಿಟ್ ಸರಿಯಾಗಿ ಕೂರಬೇಕು, 3/16 ಇಂಚಿನವರೆಗೂ ನಡೆಯುತ್ತದೆ. ಲೋಹದ ಹಿಂಜ್ ಇರುವ ಫ್ಲೋಟ್ ಆದರೆ ಹಿಂಜನ್ನು ಬಗ್ಗಿಸಿ ಸರಿಮಾಡಬಹುದು. ಪೂರ್ತಿ ಪ್ಲಾಸ್ಟಿಕ್ ಆದರೆ ಸೀಟ್ ಕೆಳಗೆ ತೆಳು ವಾಷರ್ ಹಾಕಿಯೇ ಎತ್ತರ ಸರಿಮಾಡಬೇಕು.

ಮುಂದಿನದು ರಿಚ್ ಆಗಲು ಇನ್ನೊಂದು ಕಾರಣವೂ ಉಂಟು. ಚೋಕ್ ಒಳಗೆ ತಳ್ಳಿದ ಮೇಲೂ ಜೆಟ್ ಪೂರ್ತಿ ಮೇಲಕ್ಕೆ ಹೋಗದೆ ಕೆಳಗೇ ಸಿಕ್ಕಿಕೊಂಡಿರುತ್ತದೆ. ಜೆಟ್‌ಗೆ ಪೆಟ್ರೋಲ್ ತರುವ ನೈಲಾನ್ ಪೈಪ್ ವಯಸ್ಸಾದಂತೆ ಗಡುಸಾಗುತ್ತದೆ, ಸ್ಪ್ರಿಂಗ್‌ಗೆ ಅದನ್ನು ಎಳೆಯಲು ಆಗುವುದಿಲ್ಲ. ಬೆರಳಿನಿಂದ ಜೆಟ್ಟನ್ನು ಕೆಳಗಿನಿಂದ ಒತ್ತಿ ನೋಡಿ. ಮೇಲೆ ಸರಿದರೆ ಅಪರಾಧಿ ಸಿಕ್ಕಿದ ಹಾಗೆ.

ಈಗ ಹಿಂದಿನ ಕಾರ್ಬುರೇಟರಿನ ಗಾಳಿ. ಎಚ್‌ಎಸ್4ರಲ್ಲಿ ಥ್ರಾಟಲ್ ಸ್ಪಿಂಡಲ್ 5/16 ಇಂಚು ದಪ್ಪ, ಅದು ತಿರುಗುವುದು ಅಲ್ಯೂಮಿನಿಯಂ ಬಾಡಿಯ ತೂತಿನಲ್ಲೇ. ಐವತ್ತು ವರ್ಷ ಓಡಿದ ಗಾಡಿಯಲ್ಲಿ ಇದು ಸವೆಯದೇ ಇರುವುದು ಅಪರೂಪ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸ್ಪಿಂಡಲ್ಲಿನ ಎರಡೂ ತುದಿಗೆ ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಹೊಡೆಯಿರಿ. ವೇಗ ಬದಲಾದರೆ ಗಾಳಿ ಅಲ್ಲಿಂದಲೇ. ಕಾರ್ಬುರೇಟರ್ ಕ್ಲೀನರ್ ಹೊಡೆಯುವವರು ಇದ್ದಾರೆ, ಆದರೆ ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸರಿಯಾಗಿ ಕಾರ್ಬುರೇಟರಿನ ಕೆಳಗೇ ಇದೆ. ನೀರೇ ಕ್ಷೇಮ. ಅದೇ ಕೈಯಲ್ಲಿ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕಾರ್ಬುರೇಟರ್ ಹಿಂದಿನ ಇನ್ಸುಲೇಟರ್ ಬ್ಲಾಕ್, ಬ್ರೇಕ್ ಸರ್ವೋ ಇದ್ದರೆ ಅದರ ಹೋಸ್ ಇವನ್ನೂ ನೋಡಿ.

ಸ್ಪಿಂಡಲ್ ಮಾತ್ರ ಸವೆದಿದ್ದರೆ ಹೊಸದು ಹಾಕಿದರೆ ಸಾಕು. ಹೊಸದು ಹಾಕಿದ ಮೇಲೂ ಅಲುಗಿದರೆ ಬಾಡಿ ಸವೆದಿದೆ, ಆಗ ರೀಮ್ ಮಾಡಿ ಬುಷ್ ಕೂರಿಸಬೇಕು. ಇದನ್ನು ಹ್ಯಾಂಡ್ ಡ್ರಿಲ್‌ನಲ್ಲಿ ಮಾಡಲು ಹೋಗಬೇಡಿ. ಎರಡೂ ಕಡೆಯ ತೂತು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಬಟರ್‌ಫ್ಲೈ ಸಿಕ್ಕಿಕೊಳ್ಳುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯುವುದಿಲ್ಲ. ಎಸ್‌ಯು ಭಾಗಗಳನ್ನು ಈಗ ತಯಾರಿಸುವುದು ಸಾಲ್ಸ್‌ಬರಿಯ ಬರ್ಲೆನ್, ನಿಮಗೆ ದೂರವೂ ಅಲ್ಲ. ಬಟರ್‌ಫ್ಲೈಯ ಎರಡು ಸ್ಕ್ರೂಗಳ ತುದಿ ಸೀಳಿ ಅಗಲಿಸಿರುತ್ತದೆ. ಬಿಚ್ಚುವ ಮುಂಚೆ ಇಕ್ಕಳದಿಂದ ಒತ್ತಿ ಕೂಡಿಸಿ, ಇಲ್ಲವಾದರೆ ಸ್ಪಿಂಡಲ್ಲಿನ ಥ್ರೆಡ್ ಕಿತ್ತುಬರುತ್ತದೆ. ವಾಪಸ್ ಹಾಕುವಾಗ ಸ್ಕ್ರೂ ಹೊಸದೇ ಇರಲಿ, ಬಟರ್‌ಫ್ಲೈ ಪೂರ್ತಿ ಮುಚ್ಚಿ ತನ್ನ ಜಾಗ ಹುಡುಕಿಕೊಂಡ ಮೇಲೆ ಬಿಗಿಮಾಡಿ, ತುದಿ ಅಗಲಿಸಿ. ಆ ಸ್ಕ್ರೂ ಸಡಿಲಾಗಿ ಬಿದ್ದರೆ ಹೋಗುವುದು ನೇರವಾಗಿ ಪಿಸ್ಟನ್ ಮೇಲೆ. ಬಟರ್‌ಫ್ಲೈನಲ್ಲಿ ಸಣ್ಣ ಸ್ಪ್ರಿಂಗ್ ವಾಲ್ವ್ ಇದ್ದರೆ ಅದನ್ನೂ ಪರೀಕ್ಷಿಸಿ. ಸ್ಪ್ರಿಂಗ್ ಸೋತಿದ್ದರೆ ಐಡ್ಲಿಂಗ್ ಕೆಳಗಿಳಿಯುವುದೇ ಇಲ್ಲ.

ಮೈಸೂರು_ಗ್ಯಾರೇಜ್

ಪೆಟ್ರೋಲಿನ ಬಗ್ಗೆ ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಇ10, ಅಂದರೆ ಶೇಕಡ 10ರವರೆಗೆ ಎಥನಾಲ್ ಬೆರೆಸಿದ್ದು. ಸೂಪರ್ ದರ್ಜೆಯಲ್ಲಿ ಇ5 ಸಿಗುತ್ತದೆ, ಎಂಜಿಬಿಗೆ ಅದನ್ನೇ ಹಾಕಿ. ಹಳೇ ರಬ್ಬರ್ ಹೋಸನ್ನು ಎಥನಾಲ್ ಒಳಗಿನಿಂದ ತಿನ್ನುತ್ತದೆ, ಪುಡಿ ಬಂದು ಫ್ಲೋಟ್ ವಾಲ್ವಿನಲ್ಲಿ ಕೂರುತ್ತದೆ. ಹೊಸ ಸೂಜಿ ಹಾಕಿದ ವಾರಕ್ಕೆ ಮತ್ತೆ ಸೋರಿದರೆ ಹೋಸ್ ನೋಡಿ. ಬದಲಿಸುವಾಗ ಎಸ್‌ಎಇ ಜೆ30 ಆರ್9 ಎಂದು ಅಚ್ಚು ಒತ್ತಿರುವ ಹೋಸ್ ಕೇಳಿ. ಟ್ಯಾಂಕ್ ಮತ್ತು ಪಂಪ್ ನಡುವಿನದನ್ನೂ ಮರೆಯಬೇಡಿ.

ನಮ್ಮ ಕಡೆ ಇ20 ಬಂದಿರುವುದರಿಂದ ಇಲ್ಲಿ ಎಸ್‌ಯು ಕಾರ್ಬುರೇಟರ್ ಇಟ್ಟುಕೊಂಡವರಿಗೂ ಇದೇ ಮಾತು, ಇನ್ನೂ ಜೋರಾಗಿ. ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಸಾಕಾದರೆ, ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಅಂದರೆ ಅದೇ ಸೆಟ್ಟಿಂಗ್‌ನಲ್ಲಿ ಎಂಜಿನ್ ಲೀನ್ ಆಗುತ್ತದೆ. ಇ10ಕ್ಕೆ ಜೆಟ್ ನಟ್ಟನ್ನು ಒಂದು ಮುಖ (ಆರು ಮುಖದ ನಟ್ಟಿನ ಆರನೇ ಒಂದು ಸುತ್ತು) ಇಳಿಸಿದರೆ ನಡೆಯಬಹುದು. ಇ20ಕ್ಕೆ ಐಡ್ಲಿಂಗ್ ಸರಿಯಾದರೂ ಮೇಲಿನ ವೇಗದಲ್ಲಿ ಲೀನ್ ಉಳಿಯುತ್ತದೆ, ಜೆಟ್ಟಿನೊಳಗೆ ಇಳಿಯುವ ಸೂಜಿಯೇ (ಫ್ಲೋಟ್ ವಾಲ್ವಿನದಲ್ಲ) ಒಂದು ದರ್ಜೆ ರಿಚ್ ಆದದ್ದು ಬೇಕು.

ರೆಡಿಂಗ್_ಕನ್ನಡಿಗ

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ನೋಡಿದೆ. ಅಂಕಿಗಳು:

ಟ್ಯಾಪೆಟ್: 4ನೆಯದು 0.009, 5ನೆಯದು 0.010, ಉಳಿದವು 0.014ರಿಂದ 0.016. ಕಂಪ್ರೆಷನ್ ನಾಲ್ಕೂ ಹತ್ತಿರ ಹತ್ತಿರ. ಡ್ವೆಲ್ 52 ಡಿಗ್ರಿ. ಟೈಮಿಂಗ್ 600ರಲ್ಲಿ 6 ಡಿಗ್ರಿ. ಬೇಸ್ ಪ್ಲೇಟ್ ವೈರ್: ಸುಮ್ಮನಿದ್ದಾಗ 0.3 ಓಮ್, ವ್ಯಾಕ್ಯೂಮ್ ಎಳೆದಾಗ 40ಕ್ಕೆ ಹಾರುತ್ತದೆ! ಕ್ಯಾಪ್ಸೂಲ್ ಹಿಡಿದು ನಿಲ್ಲುತ್ತದೆ. ಹೋಸ್ ಒತ್ತಿದರೆ ಪಂಪ್ ಸುಮ್ಮನಾಗುತ್ತದೆ, ಮುಂದಿನ ಸೂಜಿಯ ಮೊನೆಯಲ್ಲಿ ಉಂಗುರ ಬಿದ್ದಿದೆ. ಹಿಂದಿನ ಕಾರ್ಬುರೇಟರಿನ ಹೊರತುದಿಗೆ ನೀರು ಹೊಡೆದರೆ 150 ಆರ್‌ಪಿಎಂ ಬೀಳುತ್ತದೆ.

ವೈರ್, ಪಾಯಿಂಟ್ಸ್, ಟ್ಯಾಪೆಟ್, ಟೈಮಿಂಗ್, ಫ್ಲೋಟ್ ವಾಲ್ವ್ ಮುಗಿಯಿತು. ಅರ್ಧ ಥ್ರಾಟಲ್ ಮುಗ್ಗರಿಕೆ ಪೂರ್ತಿ ಹೋಯಿತು. ಹಿಂದಿನ ಕಾರ್ಬುರೇಟರಿಗೆ ಹೊಸ ಸ್ಪಿಂಡಲ್ ಹಾಕಿದೆ, ಅಲುಗಾಟ ನಿಂತಿದೆ. ಈಗ ಎರಡನ್ನೂ ಸಮ ಮಾಡುವುದು ಹೇಗೆ? 4, 5ನೇ ಟ್ಯಾಪೆಟ್ ಮಾತ್ರ ಏಕೆ ಬಿಗಿಯಾಗಿತ್ತು?

ಡ್ಯಾಶ್‌ಪಾಟ್

ಟ್ಯಾಪೆಟ್ ಪ್ರಶ್ನೆಗೆ ಮೊದಲು, ಏಕೆಂದರೆ ಅದೇ ಮುಖ್ಯ. 4 ಮತ್ತು 5 ಎರಡೂ ಎಕ್ಸಾಸ್ಟ್ ವಾಲ್ವ್. ಪಕ್ಕಪಕ್ಕದಲ್ಲಿದ್ದು ಮಧ್ಯದ ಒಂದೇ ಪೋರ್ಟಿಗೆ ಹೊಗೆ ಬಿಡುತ್ತವೆ, ಹಾಗಾಗಿ ಹೆಡ್‌ನಲ್ಲಿ ಅತಿ ಹೆಚ್ಚು ಕಾಯುವ ಜಾಗ ಅದು. ಈ ಎಂಜಿನ್ ಮಾಡಿದ್ದು ಸೀಸ ಬೆರೆಸಿದ ಪೆಟ್ರೋಲಿಗೆ, ಸೀಸ ವಾಲ್ವ್ ಸೀಟಿನ ಮೇಲೆ ಒಂದು ಪದರವಾಗಿ ಕೂತು ಕಾಯುತ್ತಿತ್ತು. ಬ್ರಿಟನ್ನಿನಲ್ಲಿ 2000ದ ಆರಂಭಕ್ಕೆ ಅದು ಸಾಮಾನ್ಯ ಮಾರಾಟದಿಂದ ಹೋಯಿತು. ಗಟ್ಟಿ ಸೀಟ್ ಹಾಕದ ಹೆಡ್ ಆದರೆ ವಾಲ್ವ್ ಮೆಲ್ಲಗೆ ಸೀಟಿನೊಳಗೆ ಇಳಿಯುತ್ತದೆ, ಇಳಿದಷ್ಟೂ ಟ್ಯಾಪೆಟ್ ಗ್ಯಾಪ್ ಮುಚ್ಚುತ್ತದೆ. ಈಗ 0.015ಕ್ಕೆ ಇಟ್ಟಿದ್ದೀರಿ, ಸಾವಿರ ಮೈಲಿಗೆ ಮತ್ತೆ ಅಳೆಯಿರಿ. ಹಾಗೇ ಇದ್ದರೆ ಹಿಂದಿನವರು ಯಾರೋ ಬಿಗಿಯಾಗಿ ಇಟ್ಟಿದ್ದರು ಅಂತ. ಮತ್ತೆ ಮುಚ್ಚಿದ್ದರೆ ಹೆಡ್ ಬಿಚ್ಚಿ ಎಕ್ಸಾಸ್ಟಿಗೆ ಗಟ್ಟಿ ಸೀಟ್ ಹಾಕಿಸಬೇಕು. ಗ್ಯಾಪ್ ಪೂರ್ತಿ ಮುಚ್ಚಿಹೋಗುವವರೆಗೆ ಓಡಿಸಿದರೆ ವಾಲ್ವ್ ಸುಟ್ಟುಹೋಗುತ್ತದೆ.

ಈಗ ಕಾರ್ಬುರೇಟರ್. ಎರಡೂ ಸಕ್ಷನ್ ಚೇಂಬರ್ ಬಿಚ್ಚಿ ಒಳಗೆ ಮೃದುವಾದ ಬಟ್ಟೆ ಮತ್ತು ಪೆಟ್ರೋಲಿನಿಂದ ಒರೆಸಿ. ಎಮರಿ ಪೇಪರ್ ಮುಟ್ಟಿಸಬೇಡಿ. ಕಾರ್ಬುರೇಟರಿನೊಳಗಿನ ಪಿಸ್ಟನ್ನಿಗೂ ಅದರ ಚೇಂಬರಿಗೂ ಜೋಡಿ ಹೊಂದಿಸಿರುತ್ತದೆ, ಮುಂದಿನದನ್ನು ಹಿಂದಕ್ಕೆ ಹಾಕಬೇಡಿ. ಸೂಜಿಯ ಹೆಗಲು ಪಿಸ್ಟನ್ನಿನ ತಳಕ್ಕೆ ಸಮನಾಗಿರಲಿ. ಎರಡರಲ್ಲೂ ಸ್ಪ್ರಿಂಗ್ ಕೆಂಪು ಗುರುತಿನದೇ ಇದೆಯೇ ನೋಡಿ. ಸೂಜಿ ಅಲುಗದ ಜಾತಿಯಾದರೆ ಪಿಸ್ಟನ್ ಎತ್ತಿ ಬಿಟ್ಟಾಗ ಟಕ್ ಎಂದು ಸ್ಪಷ್ಟವಾಗಿ ಬೀಳಬೇಕು, ಇಲ್ಲದಿದ್ದರೆ ಜೆಟ್ ಮಧ್ಯಕ್ಕೆ ಕೂತಿಲ್ಲ. ಸ್ಪ್ರಿಂಗ್ ಕಟ್ಟಿದ, ಅಲುಗುವ ಸೂಜಿಗೆ ಈ ಕಷ್ಟ ಇಲ್ಲ.

ಡ್ಯಾಂಪರಿಗೆ 20ಡಬ್ಲ್ಯು50 ಎಂಜಿನ್ ಆಯಿಲ್ ಸಾಕು. ಎಷ್ಟು ಎಂದರೆ, ಮುಚ್ಚಳ ಕೂರಲು 6 ಮಿ.ಮೀ. ಬಾಕಿ ಇರುವಾಗ ಕೈಗೆ ತಡೆ ಸಿಗಬೇಕು. ಎಣ್ಣೆ ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಪಿಸ್ಟನ್ ಹಾರಿ ಮಿಕ್ಸ್‌ಚರ್ ಲೀನ್ ಆಗುತ್ತದೆ, ಆ ಸೀನು ಮತ್ತೆ ಶುರು.

ಇನ್ನು ಸಮ ಮಾಡುವುದು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಏರ್ ಫಿಲ್ಟರ್ ತೆಗೆಯಿರಿ. ಎರಡು ಕಾರ್ಬುರೇಟರಿನ ನಡುವೆ ಇರುವ ರಾಡಿನ ಕ್ಲಾಂಪ್‌ಗಳನ್ನು, ಚೋಕಿನ ಕೊಂಡಿಯನ್ನೂ ಸಡಿಲಿಸಿ, ಒಂದಕ್ಕೊಂದು ಸಂಬಂಧ ಇರಬಾರದು. ಐಡ್ಲ್ ಸ್ಕ್ರೂಗಳನ್ನು ಮುಟ್ಟುವಷ್ಟು ತಂದು ಒಂದೂವರೆ ಸುತ್ತು ಒಳಗೆ. ಜೆಟ್ ನಟ್ಟನ್ನು ಪೂರ್ತಿ ಏರಿಸಿ ಜೆಟ್ಟನ್ನು ಬ್ರಿಜ್‌ಗೆ ಸಮ ಮಾಡಿ, ಅಲ್ಲಿಂದ 12 ಮುಖ ಕೆಳಗಿಳಿಸಿ, ಅಂದರೆ ಎರಡು ಪೂರ್ತಿ ಸುತ್ತು. ನಟ್ ತಿರುಗಿಸಿದಾಗಲೆಲ್ಲ ಜೆಟ್ಟನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ನಟ್ಟಿಗೆ ತಾಗಿಸಿ.

ಸ್ಟಾರ್ಟ್ ಮಾಡಿ. ಅಡಿಯುದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಯಲ್ಲಿ ಒಂದೇ ಜಾಗಕ್ಕೆ. ಸುಂಯ್ ಎನ್ನುವ ಸದ್ದು ಎರಡರಲ್ಲೂ ಒಂದೇ ಸಮ ಬರುವವರೆಗೆ ಐಡ್ಲ್ ಸ್ಕ್ರೂ ತಿರುಗಿಸಿ, 800 ಆರ್‌ಪಿಎಂ ಇರಲಿ. ಗಾಳಿ ಸಮ ಆದ ಮೇಲೇ ಮಿಕ್ಸ್‌ಚರ್. ಪಿಸ್ಟನ್ನನ್ನು ಲಿಫ್ಟಿಂಗ್ ಪಿನ್ನಿನಿಂದ ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ. ವೇಗ ಏರಿ ಹಾಗೇ ನಿಂತರೆ ರಿಚ್, ನಟ್ ಒಂದು ಮುಖ ಮೇಲೆ. ತಕ್ಷಣ ಬಿದ್ದರೆ ಲೀನ್, ಒಂದು ಮುಖ ಕೆಳಗೆ. ಚೂರು ಏರಿ ಮತ್ತೆ ಮೊದಲಿನಷ್ಟಕ್ಕೇ ಬಂದರೆ ಅದೇ ಸರಿ. ಒಂದನ್ನು ಸರಿಮಾಡಿದಾಗ ಇನ್ನೊಂದೂ ಸ್ವಲ್ಪ ಬದಲಾಗುತ್ತದೆ, ಎರಡು ಮೂರು ಸಲ ಹಿಂದೆ ಮುಂದೆ ಹೋಗಲೇಬೇಕು. ಎರಡು ಮೂರು ನಿಮಿಷಕ್ಕೊಮ್ಮೆ 2000ಕ್ಕೆ ಏರಿಸಿ ಪ್ಲಗ್ ಶುದ್ಧ ಮಾಡಿಕೊಳ್ಳಿ.

ಕೊನೆಯದು ಬಹಳ ಮಂದಿ ಬಿಡುವ ಹೆಜ್ಜೆ. ಕ್ಲಾಂಪ್ ಬಿಗಿಮಾಡುವಾಗ ರಾಡಿನ ಪಿನ್ನಿಗೂ ಕವಲಿಗೂ ನಡುವೆ 0.012 ಇಂಚಿನ ಫೀಲರ್ ಇಟ್ಟು ಎರಡೂ ಕಡೆ ಒಂದೇ ಸಂದು ಬಿಡಿ. ಸಂದು ಹೆಚ್ಚು ಕಡಿಮೆ ಆದರೆ ಐಡ್ಲಿಂಗ್ ಚೆನ್ನಾಗಿದ್ದರೂ ಆಕ್ಸಿಲರೇಟರ್ ಮುಟ್ಟಿದ ಕ್ಷಣ ಒಂದು ಮೊದಲು ತೆರೆಯುತ್ತದೆ, ಇನ್ನೊಂದು ತಡವಾಗಿ. ಚೋಕಿನ ಕೊಂಡಿಯೂ ಎರಡು ಜೆಟ್ಟನ್ನು ಒಟ್ಟಿಗೇ ಇಳಿಸಬೇಕು. ಫಿಲ್ಟರ್ ಹಾಕಿ ಹತ್ತು ಮೈಲಿ ಓಡಿಸಿ ಪ್ಲಗ್ ನೋಡಿ, ಬಿಸ್ಕೆಟಿನ ಬಣ್ಣ ಬರಬೇಕು.

ಟಿಂಕರಿಂಗ್_ಮೇಷ್ಟ್ರು

ಸಿಲ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡದು, ಐಡ್ಲಿಂಗ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಸಿಲ್ ಕೆಟ್ಟರೆ ಗಾಡಿ ಮುರಿಯುತ್ತದೆ.

ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರಿಗೆ ಛಾವಣಿಯೂ ಇಲ್ಲ. ಮುಂಭಾಗ ಹಿಂಭಾಗವನ್ನು ಹಿಡಿದಿರುವುದು ಹೆಚ್ಚಾಗಿ ಎರಡು ಸಿಲ್ ಮತ್ತು ಮಧ್ಯದ ಟನಲ್. ಸಿಲ್ ಒಂದು ತಗಡಲ್ಲ: ಹೊರ ಸಿಲ್, ನಡುವೆ ಮೆಂಬ್ರೇನ್, ಒಳ ಸಿಲ್, ತಳದಲ್ಲಿ ಕ್ಯಾಸಲ್ ರೈಲ್ ಎನ್ನುವ ಹಲ್ಲು ಹಲ್ಲಾದ ಪಟ್ಟಿ. ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರ ತಗಡಿಗೆ ಸ್ಕ್ರೂಡ್ರೈವರ್ ಇಳಿದರೆ ನಡುವಿನ ಮೆಂಬ್ರೇನಿನ ಕೆಳಭಾಗ ಆಗಲೇ ಹೋಗಿದೆ ಎಂದುಕೊಂಡೇ ಕೆಲಸ ಶುರುಮಾಡಿ. ಮೇಲೆ ತಗಡು ಬೆಸೆದರೆ ಚೆನ್ನಾಗಿ ಕಾಣುತ್ತದೆ, ಒಳಗಿನ ಕೊಳೆ ಹಾಗೇ ಬೆಳೆಯುತ್ತದೆ.

ಹಿಂದೆ ಯಾರಾದರೂ ಮುಚ್ಚಿಟ್ಟಿದ್ದಾರೆಯೇ ಎಂದು ಮೊದಲು ನೋಡಿ. ಅಸಲಿ ಸಿಲ್ ಬಾಗಿಲಿನ ಕೆಳಗೆ ಮುಗಿಯುವುದಿಲ್ಲ. ಮುಂದೆ ವಿಂಗ್ ಹಿಂದೆಯೂ, ಹಿಂದೆ ರಿಯರ್ ವಿಂಗಿನ ಕೆಳಭಾಗದ ಹಿಂದೆಯೂ ಹೋಗುತ್ತದೆ. ವಿಂಗ್ ಮತ್ತು ಸಿಲ್ ಸೇರುವ ಜಾಗದಲ್ಲಿ ಜಾಯಿಂಟಿನ ಗೆರೆ ಕಾಣಬೇಕು. ಗೆರೆಯೇ ಇಲ್ಲದೆ ನುಣ್ಣಗಿದ್ದರೆ ಪುಟ್ಟಿ ಮೆತ್ತಿದ್ದಾರೆ, ಒಂದು ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಬಾಗಿಲ ಕೆಳಗಿನ ತುಂಡನ್ನು ಮಾತ್ರ ಹಾಕಿ, ಎರಡು ತುದಿಯನ್ನು ಹಾಗೇ ಬಿಟ್ಟ ಗಾಡಿಗಳು ತುಂಬ ಇವೆ. ಮುಂದಿನ ವಿಂಗ್ ಬೋಲ್ಟಿನದು, ಬಿಚ್ಚಬಹುದು. ಹಿಂದಿನದು ಬೆಸೆದದ್ದು, ಅದರ ಕೆಳಭಾಗ ಕತ್ತರಿಸಿ ಸಿಲ್ ಪೂರ್ತಿ ಹಾಕಿ ಮತ್ತೆ ರಿಪೇರಿ ತುಂಡು ಬೆಸೆಯಬೇಕು.

ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಆಧಾರ ಕೊಡಿ. ಹಿಂಜ್ ಇರುವ ಕಂಬದಿಂದ ಲಾಕ್ ಇರುವ ಕಂಬಕ್ಕೆ ಕಬ್ಬಿಣದ ಚೌಕ ಪೈಪ್ ಬೆಸೆಯಿರಿ, ಅಡ್ಡಡ್ಡ ಒಂದು, ಮೂಲೆಯಿಂದ ಮೂಲೆಗೆ ಒಂದು. ಗಾಡಿಯನ್ನು ಮಧ್ಯದಲ್ಲಿ ಜಾಕ್ ಕೊಟ್ಟು ನಿಲ್ಲಿಸಬೇಡಿ. ಮುಂದೆ ಚಾಸಿ ಲೆಗ್, ಹಿಂದೆ ಸ್ಪ್ರಿಂಗಿನ ಮುಂದಿನ ಹ್ಯಾಂಗರ್, ಅಲ್ಲಿ ಸ್ಟ್ಯಾಂಡ್. ಕತ್ತರಿಸುವ ಮುಂಚೆ ಬಾಗಿಲ ಸುತ್ತಲಿನ ಸಂದು ಅಳೆದು ಬರೆದಿಡಿ. ಒಂದು ಕಡೆ ಪೂರ್ತಿ ಮುಗಿದ ಮೇಲೇ ಇನ್ನೊಂದು ಕಡೆ. ಎರಡೂ ಒಟ್ಟಿಗೆ ಬಿಚ್ಚಿದರೆ ಗಾಡಿ ನಡುವಿನಲ್ಲಿ ಕುಸಿದು ಬಾಳೆಕಾಯಿ ಆಗುತ್ತದೆ. ಕುಸಿದ ಸ್ಥಿತಿಯಲ್ಲೇ ಹೊಸ ಸಿಲ್ ಬೆಸೆದುಬಿಟ್ಟರೆ ಆಮೇಲೆ ಯಾವ ಹಿಂಜ್ ಅಡ್ಜಸ್ಟ್ ಮಾಡಿದರೂ ಬಾಗಿಲು ಮೇಲ್ಗಡೆ ತಾಗುತ್ತದೆ.

ಬ್ಯಾಟರಿ, ಆಲ್ಟರ್ನೇಟರ್ ವೈರ್ ಎರಡನ್ನೂ ಬಿಚ್ಚಿ. ನಿಮ್ಮ ವರ್ಷದಲ್ಲಿ ಸೀಟಿನ ಹಿಂದೆ ಎರಡು 6 ವೋಲ್ಟಿನ ಬ್ಯಾಟರಿ ಇರುತ್ತವೆ, ಹೊರಗೆ ತೆಗೆದಿಡಿ. ಬಲಗಡೆ ಹಿಂದೆ ಪಂಪ್, ಪೆಟ್ರೋಲ್ ಪೈಪ್ ಇರುವುದರಿಂದ ಆ ಕಡೆ ಬೆಸುಗೆ ಶುರುಮಾಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ ಇಳಿಸಿಬಿಡಿ. ಹೊಸ ತಗಡಿನ ಅಂಚಿಗೆ 30 ಮಿ.ಮೀ.ಗೊಂದು 6 ಮಿ.ಮೀ. ತೂತು ಹೊಡೆದು ಅದರ ಮೂಲಕ ಬೆಸೆದರೆ ಕಾರ್ಖಾನೆಯ ಸ್ಪಾಟ್ ವೆಲ್ಡಿನ ಬಲ ಬರುತ್ತದೆ. ಸೇರುವ ಮುಖಗಳಿಗೆ ವೆಲ್ಡ್ ಮಾಡಬಹುದಾದ ಜಿಂಕ್ ಪ್ರೈಮರ್. ಪೂರ್ತಿ ಬೆಸೆಯುವ ಮುಂಚೆ ಕ್ಲಾಂಪ್ ಹಾಕಿ, ಅಲ್ಲಲ್ಲಿ ಚುಕ್ಕೆ ಕೊಟ್ಟು, ಬಾಗಿಲು ಮುಚ್ಚಿ ತೆರೆದು ನೋಡಿ. ಆಮೇಲೂ ಒಂದೇ ಕಡೆಯಿಂದ ಉದ್ದಕ್ಕೆ ಹೋಗಬೇಡಿ, ಶಾಖಕ್ಕೆ ತಗಡು ಎಳೆದುಕೊಳ್ಳುತ್ತದೆ.

ಬ್ರಿಟನ್ನಿನಲ್ಲಿ 2018ರ ಮೇ 20ರಿಂದ, ದೊಡ್ಡ ಮಾರ್ಪಾಡು ಆಗದ 40 ವರ್ಷ ದಾಟಿದ ಗಾಡಿಗೆ ಎಂಓಟಿ (ವರ್ಷಕ್ಕೊಮ್ಮೆಯ ಸುರಕ್ಷತಾ ತಪಾಸಣೆ) ಕಡ್ಡಾಯವಲ್ಲ. ಅದರರ್ಥ ನಿಮ್ಮ ಗಾಡಿಯ ಸಿಲ್ಲಿಗೆ ಸುತ್ತಿಗೆ ತಟ್ಟಿ ನೋಡುವವರು ಈಗ ಯಾರೂ ಇಲ್ಲ. ಕಡ್ಡಾಯವಲ್ಲದಿದ್ದರೂ ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಆ ತಪಾಸಣೆ ಮಾಡಿಸಿಕೊಳ್ಳಿ.

ರೆಡಿಂಗ್_ಕನ್ನಡಿಗ

ಮೇಷ್ಟ್ರೇ, ಅಯಸ್ಕಾಂತ ಬಲಗಡೆ ಹಿಂದಿನ ವಿಂಗಿನ ಕೆಳಗೆ ಅಂಗೈಯಗಲ ಜಾಗದಲ್ಲಿ ಹಿಡಿಯಲೇ ಇಲ್ಲ. ಎಡಗಡೆ ಪೂರ್ತಿ ಹಿಡಿಯುತ್ತದೆ, ಗೆರೆಯೂ ಕಾಣುತ್ತದೆ. ಬಲಗಡೆ ಪೂರ್ತಿ ಸಿಲ್ ಹಾಕುವುದೆಂದು ತೀರ್ಮಾನಿಸಿದೆ. ವ್ಯಾಕ್ಸ್ ಯಾವಾಗ ಹೊಡೆಯಬೇಕು, ಪೇಂಟಿಗೆ ಮುಂಚೆಯೋ ಆಮೇಲೋ?

ಟಿಂಕರಿಂಗ್_ಮೇಷ್ಟ್ರು

ಪೇಂಟ್ ಒಣಗಿದ ಮೇಲೆ. ಮುಂಚೆ ಹೊಡೆದರೆ ವ್ಯಾಕ್ಸ್ ಜಾಯಿಂಟಿನಿಂದ ಜಿನುಗಿ ಪೇಂಟ್ ಹಿಡಿಯುವುದಿಲ್ಲ. ಬೆಚ್ಚಗಿನ ದಿನ ನೋಡಿ, ಡಬ್ಬವನ್ನು ಬಿಸಿನೀರಿನಲ್ಲಿ ಇಟ್ಟು ತೆಳ್ಳಗೆ ಮಾಡಿಕೊಂಡು, ಉದ್ದ ಮೂತಿಯ ಪೈಪನ್ನು ಸಿಲ್ಲಿನ ಕೊನೆಯವರೆಗೆ ತೂರಿಸಿ ಹಿಂದಕ್ಕೆ ಎಳೆಯುತ್ತ ಹೊಡೆಯಿರಿ. ಮೆಂಬ್ರೇನ್ ಇರುವುದರಿಂದ ಸಿಲ್ಲಿನ ಒಳಗೆ ಎರಡು ಕೋಣೆ ಇವೆ, ಎರಡಕ್ಕೂ ಬೇರೆ ಬೇರೆಯಾಗಿ ಹೊಡೆಯಬೇಕು. ತಳದ ಡ್ರೈನ್ ತೂತಿನಿಂದ ವ್ಯಾಕ್ಸ್ ಹನಿಯತೊಡಗಿದರೆ ಸಾಕಷ್ಟು ಹೋಗಿದೆ ಎಂದು ಗೊತ್ತಾಗುತ್ತದೆ. ಮಾರನೆಯ ದಿನ ಆ ತೂತುಗಳಿಗೆ ತಂತಿ ಚುಚ್ಚಿ ಬಿಡಿಸಿ, ಇಲ್ಲದಿದ್ದರೆ ನೀರು ಒಳಗೇ ನಿಲ್ಲುತ್ತದೆ.